ಜೇಬೆಲ್ಲ ಬಲಗಡೆಗೇ ಇರಲಿ

ಜೂನ್ 3, ಮಂಗಳವಾರ

ಪ್ರೀತಿಯ ಕತ್ತರಿಗೆ,

ನಾನು ಚೆನ್ನಾಗಿದ್ದೇನೆ, ನಿನ್ನ ಅತ್ತೆ ನನಗಿಂತ ಚೆನ್ನಾಗಿದ್ದಾಳೆ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ಮೀನು ಹಿಡಿಯುವ ಸಾಮಾನು ಹೊರಲು ನನಗೆ ಹೊಸದೇನಾದರೂ ಬೇಕು. ಹಳೆಯ ಹೆಗಲಚೀಲ ಹರಿದಿಲ್ಲ, ಆದರೆ ಅದರ ಸಹವಾಸ ಸಾಕಾಗಿದೆ. ಸೇತುವೆ ಪಕ್ಕದ ಅಂಗಡಿಯಲ್ಲಿ ಎರಡು ನೋಡಿದೆ. ಒಂದು ಬೆನ್ನಿಗೆ ಹಾಕುವ ಚೀಲ. ಇನ್ನೊಂದು ತೋಳಿಲ್ಲದ ಜಾಕೆಟ್ಟು, ಮೈತುಂಬ ಜೇಬು. ಅಂಗಡಿಯವನು, "ಯಜಮಾನ್ರೇ, ಇದು ಹಾಕ್ಕೊಂಡ್ರೆ ಮೀನು ತಾನೇ ಬಂದು ಜೇಬಲ್ಲಿ ಕೂತ್ಕೊಳತ್ತೆ" ಅಂದ. "ಹಂಗಿದ್ರೆ ನೀನ್ಯಾಕಪ್ಪ ಅಂಗಡೀಲಿ ಕೂತಿದೀಯ?" ಅಂದೆ.

ನೀನು ಆರು ವರ್ಷದಿಂದ ಕಾರ್ಖಾನೆಯಲ್ಲಿ ಇಂಥವನ್ನೇ ಕತ್ತರಿಸುವವಳು. ನಿನ್ನನ್ನು ಕೇಳದೆ ಕೊಂಡರೆ ಆಮೇಲೆ ಜೀವನಪೂರ್ತಿ ಅನ್ನಿಸಿಕೊಳ್ಳಬೇಕು.

ಬೆನ್ನಿನ ಚೀಲ ನನಗೆ ಒಗ್ಗದು. ಪ್ರತಿ ಸಲ ಇಳಿಸಿ, ಕೆಸರಿನಲ್ಲಿಟ್ಟು, ಬಗ್ಗಿ ತಡಕಬೇಕು. ಜಾಕೆಟ್ಟು ಅಚ್ಚಿನ ಮೊಳೆಪೆಟ್ಟಿಗೆಯ ಹಾಗೆ. ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷ ಮೊಳೆ ಜೋಡಿಸಿದವನು ನಾನು. ಯಾವ ಅಕ್ಷರ ಯಾವ ಗೂಡಿನಲ್ಲಿದೆ ಎನ್ನುವುದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಿರುತ್ತಿತ್ತು. ಗಾಳ ಇಲ್ಲಿ, ಬೆಂಡು ಇಲ್ಲಿ, ಸೀಸದ ಗುಂಡು ಇಲ್ಲಿ ಎಂದಿದ್ದರೆ ನೋಡದೆ ತೆಗೆಯಬಹುದು. ಜೇಬೆಲ್ಲ ಬಲಗಡೆಗೇ ಇರಲಿ. ಜಿಪ್ಪು ಬೇಡ. ಹೊಟ್ಟೆಯ ಹತ್ತಿರ ಕೋಲಿನ ಬುಡ ಊರುವಂಥ ಒಂದು ದಪ್ಪ ಬಟ್ಟೆಯ ಬಟ್ಟಲು ಹೊಲಿದಿರಲಿ. ಹಳೇ ಕೈಯ ಹಳೇ ಚಾಳಿ, ಅಷ್ಟೇ.

ಬೇಗ ಬರೆ. ಈ ವರ್ಷ ನದಿಗೆ ಹೋದದ್ದೇ ಮೂರು ಸಲ. "ಕೋಲು ಮೂಲೇಲಿ ಸುಮ್ನೆ ನಿಂತಿದೆ, ಅಟ್ಟಕ್ಕೆ ಹಾಕ್ಲಾ?" ಎಂದು ನಿನ್ನ ಅತ್ತೆ ಎರಡು ಬಾರಿ ಕೇಳಿದ್ದಾಳೆ. ನಮ್ಮ ಮನೆಯಲ್ಲಿ ಅಟ್ಟ ಹತ್ತಿದ ವಸ್ತು ಇದುವರೆಗೆ ಕೆಳಗಿಳಿದಿಲ್ಲ. ನದಿಯೂ ತಪ್ಪಿದರೆ ನಾನು ಕಿಟಕಿಯ ಪಕ್ಕ ಕೂತು ಬೀದಿಯಲ್ಲಿ ಹೋಗುವವರ ಲೆಕ್ಕ ಹಾಕುವವನಾಗುತ್ತೇನೆ.

ಫೋನಿನಲ್ಲಿ ಕೇಳಬೇಡ. ಫೋನು ಅವಳದು, ಕಿವಿಯೂ ಅದರ ಜೊತೆಗೇ ಬರುತ್ತದೆ. ಪತ್ರವನ್ನು ಮಾತ್ರ ಅವಳು ಒಡೆಯುವುದಿಲ್ಲ.

ನಿನ್ನ ಮಾವ

*

ಜೂನ್ 11, ಬುಧವಾರ

ಮಾವ,

ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು.

ನಾನು ದಿನವೂ ಕತ್ತರಿಸುವ ಜಾಕೆಟ್ಟಿಗೆ ಇಪ್ಪತ್ತೆರಡು ಜೇಬು. ಅದರಲ್ಲಿ ಒಂಬತ್ತಕ್ಕೆ ಏನು ಹಾಕಬೇಕೆಂದು ಯಾರಿಗೂ ಗೊತ್ತಿಲ್ಲ. ಮೇಸ್ತ್ರಿಯನ್ನು ಕೇಳಿದೆ. "ಜೇಬು ಜಾಸ್ತಿ ಇದ್ರೆ ಅದನ್ನ ತುಂಬಿಸೋಕೆ ಜನ ಇನ್ನಷ್ಟು ಸಾಮಾನು ತಗೋತಾರೆ ಕಣೇ. ನೀನು ಕತ್ತರಿಸು, ತಲೆ ಓಡಿಸ್ಬೇಡ" ಅಂದರು. ನೋಡಿ, ಮೊದಲು ಖಾಲಿ ಜೇಬನ್ನು ಮಾರುತ್ತಾರೆ, ಆಮೇಲೆ ಅದಕ್ಕೆ ಹಸಿವು ಹುಟ್ಟಿಸುತ್ತಾರೆ. ಒಂದು ಕೋಲು, ಒಂದು ಗಾಳ, ಒಂದು ಎರೆಹುಳು. ಮೀನಿಗೆ ಇದಕ್ಕಿಂತ ಹೆಚ್ಚಿನದು ಬೇಕೆಂದು ಯಾವ ಮೀನು ಹೇಳಿದೆ?

ಇದನ್ನೆಲ್ಲ ಯೋಚಿಸಲು ಕಲಿಸಿದವರು ನೀವೇ. ಶಾಲೆ ಬಿಟ್ಟ ನಿಮ್ಮ ತಂಗಿಯ ಮಗಳಿಗೆ ಅಚ್ಚುಕೂಟದಲ್ಲಿ ಮಿಕ್ಕ ಕರಪತ್ರಗಳನ್ನು ತಂದುಕೊಟ್ಟಿರಿ. ಒಂದು ಮಗ್ಗುಲು ಅಚ್ಚಾಗದ್ದು, ಮಸಿ ಹರಡಿದ್ದು, ಮಡಿಕೆ ತಪ್ಪಿದ್ದು. ಅವೇ ನನ್ನ ಪಾಠ. ಅಂಥವರು ಈಗ ಅಂಗಡಿಯ ಗಾಜಿನ ಮುಂದೆ ನಿಂತಿದ್ದೀರಿ!

ಅಲ್ಲಿ ಏನೂ ಕೊಳ್ಳಬೇಡಿ. ಚೀಲವೂ ಬೇಡ, ಆ ಜಾಕೆಟ್ಟೂ ಬೇಡ. ನಮ್ಮಲ್ಲಿ ಮಿಕ್ಕ ಕ್ಯಾನ್ವಾಸ್ ತುಂಡುಗಳನ್ನು ಒಯ್ಯಲು ಬಿಡುತ್ತಾರೆ. ಊಟದ ಬಿಡುವಿನಲ್ಲಿ ನಾನೇ ಒಂದು ಜಾಕೆಟ್ಟು ಕತ್ತರಿಸಿ ಹೊಲಿಯುತ್ತೇನೆ. ಆರೇ ಜೇಬು. ಎದೆ, ಸೊಂಟ, ಹೆಗಲಿನ ಅಳತೆ ಕಳಿಸಿ.

ಅಂದಹಾಗೆ, ನಿಮ್ಮ ಸಾಲುಗಳು ಯಾಕೆ ಗುಡ್ಡ ಹತ್ತುತ್ತಿವೆ? ಕೂದಲೆಳೆ ವಾರೆಯಾದರೂ ಕಟ್ಟಿದ ಪುಟವನ್ನೇ ಬಿಚ್ಚಿ ಮತ್ತೆ ಜೋಡಿಸುತ್ತಿದ್ದವರು ನೀವು. ಕನ್ನಡಕ ಬದಲಿಸಿ.

ಕತ್ತರಿ

*

ಜೂನ್ 20, ಶುಕ್ರವಾರ

ಕತ್ತರಿ,

ಬೈಗುಳ ತಲುಪಿತು. ಅಳತೆ ಹಿಂಬದಿಯಲ್ಲಿದೆ. ನಿನ್ನ ಅತ್ತೆಯೇ ಟೇಪು ಹಿಡಿದಳು. "ಕೈ ಎತ್ರೀ" ಅಂದಳು. ಬಲಗೈ ಎತ್ತಿದೆ. "ಎರಡೂ" ಅಂದಳು. "ಎರಡೂ ಎತ್ತೋಕೆ ಇದೇನು ದರೋಡೇನಾ?" ಅಂದೆ. ನಕ್ಕುಬಿಟ್ಟಳು, ಟೇಪು ಜಾರಿ ಬಿತ್ತು. ಹಾಗಾಗಿ ಎದೆಯ ಅಳತೆ ಒಂದೆರಡು ಬೆರಳು ಹೆಚ್ಚುಕಡಿಮೆ ಇರಬಹುದು.

ಆರು ಜೇಬು ಸಾಕು. ಮೂರಾದರೂ ಸಾಕು. ಆದರೆ ನಾನು ಹೇಳಿದ ಮೂರು ಮಾತನ್ನು ಮರೆಯಬೇಡ. ಜೇಬು ಬಲಗಡೆ, ಜಿಪ್ಪು ಇಲ್ಲ, ಹೊಟ್ಟೆಗೆ ಬಟ್ಟಲು. ಯಾಕೆ ಏನು ಎಂದು ಚರ್ಚೆಗೆ ಇಳಿಯಬೇಡ ತಾಯಿ. ಮುದುಕರ ಹಟಕ್ಕೆ ಕಾರಣ ಇರಲೇಬೇಕೆಂದು ಯಾವ ಕರಪತ್ರದಲ್ಲಿದೆ?

ನದಿಯಲ್ಲಿ ನೀರು ಏರಿದೆಯಂತೆ. ಅಲ್ಲಿ ನೀರು ಬಿಡುವ ತೂಬಿನ ಕಾವಲುಗಾರರೊಬ್ಬರು ಪೇಟೆಯಲ್ಲಿ ಸಿಕ್ಕಾಗ ಹೇಳಿದರು.

ಮಾವ

*

ಜುಲೈ 14, ಸೋಮವಾರ

ಮಾವ,

ಈ ಪತ್ರದ ಜೊತೆಗಿರುವ ಪೊಟ್ಟಣವನ್ನು ಈಗಲೇ ಬಿಚ್ಚಿ. ಬಿಚ್ಚಿದ ಮೇಲೆ ಮುಂದೆ ಓದಿ.

ಚೆನ್ನಾಗಿದೆ ಅಲ್ಲವೇ? ನಮ್ಮ ಕಾರ್ಖಾನೆಯಲ್ಲಿ ಜಿಪ್ಪು ಕೂರಿಸುವ ಅಕ್ಕ ಒಬ್ಬರಿದ್ದಾರೆ, ಎಲ್ಲರೂ ಜಿಪ್ಪಕ್ಕ ಅಂತಲೇ ಕರೆಯುತ್ತೇವೆ. ಅವರು ತಿರುವಿ ಮುರುವಿ ನೋಡಿ, "ನಿಮ್ಮ ಮಾವ ಮೀನು ಹಿಡೀತಾರೋ, ಮದುವೆಗೆ ಹೋಗ್ತಾರೋ?" ಅಂದರು. ಎದುರಿನ ಜಿಪ್ಪು ಅವರದೇ ಕೊಡುಗೆ. ನೀವು ಬೇಡ ಅಂದಿದ್ದಿರಿ, ಆದರೆ ಇದು ಹಿತ್ತಾಳೆಯದು, ತುಕ್ಕು ಹಿಡಿಯುವುದಿಲ್ಲ. ನಿಮ್ಮ ಭಯ ಅದೇ ಇರಬೇಕು ಎಂದುಕೊಂಡೆ.

ಜೇಬು ಆರು. ಎಡಕ್ಕೆ ಮೂರು, ಬಲಕ್ಕೆ ಮೂರು. ಇಲ್ಲಿ ನಾನು ನಿಮ್ಮ ಮಾತು ಮೀರಿದ್ದೇನೆ, ಬೇಕೆಂದೇ ಮೀರಿದ್ದೇನೆ. ಹಮಾಲರ ಬೆನ್ನುಮೂಳೆಯ ಬಗ್ಗೆ ಒಂದು ಕರಪತ್ರ ಓದಿದ್ದೆ. ಒಂದೇ ಕಡೆ ಭಾರ ಹೊತ್ತವನ ಮೈ ಹತ್ತು ವರ್ಷದಲ್ಲಿ ಬಿಲ್ಲಾಗುತ್ತದೆ. ಮನೆಯಲ್ಲಾಗಲಿ ಕಾರ್ಖಾನೆಯಲ್ಲಾಗಲಿ ಮೈಯಲ್ಲಾಗಲಿ, ಭಾರವನ್ನು ಸಮನಾಗಿ ಹಂಚಬೇಕು. ಒಂದು ಹೆಗಲು ದುಡಿಯುವಾಗ ಇನ್ನೊಂದು ಸುಮ್ಮನಿರುವುದು ಅನ್ಯಾಯ. ಎರಡೂ ಕಡೆಯ ಜೇಬುಗಳನ್ನು ತಕ್ಕಡಿಯಲ್ಲಿಟ್ಟು ತೂಗಿದ್ದೇನೆ, ನಗಬೇಡಿ.

ಹೊಟ್ಟೆಯ ಬಟ್ಟಲು ಹೊಲಿದಿಲ್ಲ. ಅಂಥದ್ದು ಆಳೆತ್ತರದ ಮೀನಿನ ಜೊತೆ ಫೋಟೋ ತೆಗೆಸಿಕೊಳ್ಳುವವರಿಗೆ. ನಿಮಗೆ ಎರಡು ಕೈ ಸಾಕು.

ಹಾಕಿಕೊಂಡು ನದಿಗೆ ಹೋಗಿ. ಮೊದಲ ಮೀನಿನ ಸುದ್ದಿ ನನಗೇ ಮೊದಲು.

ಕತ್ತರಿ

*

ಜುಲೈ 29, ಮಂಗಳವಾರ

ಪ್ರೀತಿಯ ಕತ್ತರಿಗೆ,

ಜಾಕೆಟ್ಟು ಬಹಳ ಚೆನ್ನಾಗಿದೆ. ಹೊಲಿಗೆ ಅಚ್ಚಿನ ಗೆರೆಯಷ್ಟು ನೇರ. ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಿದ್ದೇನೆ, ಬಂದವರೆಲ್ಲ ಮುಟ್ಟಿ ನೋಡುತ್ತಾರೆ. ಹಾಲಿನವನು ಎಲ್ಲಿ ಸಿಗುತ್ತದೆ ಎಂದು ಕೇಳಿದ.

ಈಚೆಗೆ ಗಾಳಿ ಹೆಚ್ಚು. ನದಿಗೆ ಹೋಗಿಲ್ಲ.

ನಿನ್ನ ಕೈಗೆ ಒಳ್ಳೆಯದಾಗಲಿ.

ಮಾವ

*

ಆಗಸ್ಟ್ 6, ಬುಧವಾರ

ಮಾವ,

ಅಷ್ಟೇನಾ? ಏಳು ಸಾಲು! ಬಾಗಿಲ ಪಕ್ಕ ತೂಗುಹಾಕಲು ನಾನೇನು ಕ್ಯಾಲೆಂಡರ್ ಕಳಿಸಿದ್ದೇನೆಯೇ? ಹದಿನೇಳು ದಿನ ಊಟದ ಬಿಡುವಿನಲ್ಲಿ ನಿಂತೇ ತಿಂದಿದ್ದೇನೆ. ಗಾಳಿಯಂತೆ ಗಾಳಿ! ಟೋಪಿ ಹಾರಿಹೋಗುವ ಗಾಳಿಯಲ್ಲೂ ಹೋಗಿ, ಬರಿಗೈಯಲ್ಲಿ ಬಂದು, "ಇವತ್ತು ಮೀನುಗಳಿಗೆ ರಜಾ" ಅನ್ನುತ್ತಿದ್ದವರು ನೀವು.

ಒಳಗಿನ ಮಾತು ನಾನು ಹೇಳಲೇ? ನಿಮಗೆ ಗಾಜಿನ ಹಿಂದಿನ ಆ ಜಾಕೆಟ್ಟೇ ಬೇಕಿತ್ತು. ಹೊಳೆಯುವ ಬಕಲ್ಲು, ಹೊಟ್ಟೆಗೆ ಬಟ್ಟಲು, ದಡದಲ್ಲಿ ನಿಂತರೆ ನಾಲ್ಕು ಜನ ತಿರುಗಿ ನೋಡಬೇಕು. ಮಿಕ್ಕ ಕ್ಯಾನ್ವಾಸಿನಲ್ಲಿ ಸೊಸೆ ಹೊಲಿದದ್ದು ಸಾಕಾಗಲಿಲ್ಲ. ಹಾಗಿದ್ದರೆ ಹಾಗೇ ಹೇಳಿ. ನನಗೆ ಬೇಸರವಾಗುತ್ತದೆ, ಆದರೆ ಸುಳ್ಳಿನಿಂದಾಗುವಷ್ಟು ಆಗುವುದಿಲ್ಲ. ಬೇರೆಯವರ ಮನಸ್ಸು ನೋಯಬಾರದೆಂದು ಸುಳ್ಳು ಹೇಳುವವರು ಕೊನೆಗೆ ತಮಗೆ ಬೇಕಾದದ್ದನ್ನೇ ಮಾಡಿಕೊಳ್ಳುತ್ತಾರೆ ಎಂದು ನಾನು ನಂಬಿದ್ದೇನೆ.

ಉತ್ತರ ಬರೆಯಿರಿ.

ಕತ್ತರಿ

*

ಸೆಪ್ಟೆಂಬರ್ 1, ಸೋಮವಾರ

ಮಾವ,

ನೀವು ಉತ್ತರ ಬರೆಯಲಿಲ್ಲ. ಬರೆಯದೆ ಒಳ್ಳೆಯದೇ ಮಾಡಿದಿರಿ.

ಕಳೆದ ವಾರ ಜಿಪ್ಪಕ್ಕನ ಎಡ ಹೆಬ್ಬೆರಳಿಗೆ ಯಂತ್ರದ ಸೂಜಿ ಹೊಕ್ಕಿತು. ಅಂಗೈ ಪೂರ್ತಿ ಪಟ್ಟಿ. ಕೆಲಸವಿಲ್ಲದೆ ನನ್ನ ಮೇಜಿನ ಬಳಿ ಕೂತಿದ್ದರು. ನಿಮ್ಮ ಜಾಕೆಟ್ಟಿನದೇ ಮಾದರಿಯಲ್ಲಿ ನಾನು ಮೊದಲು ಹಳೇ ಬಟ್ಟೆಯಲ್ಲಿ ಹೊಲಿದು ನೋಡಿದ್ದು ಅಲ್ಲೇ ಇತ್ತು. ಬೇಜಾರು ಕಳೆಯಲು ಅದನ್ನು ಹಾಕಿಕೊಂಡರು. ಜಿಪ್ಪು ಎಳೆಯಲು ನೋಡಿದರು, ಆಗಲಿಲ್ಲ. ಗಲ್ಲದಲ್ಲಿ ಒತ್ತಿ ಹಿಡಿದರು, ಆಗಲಿಲ್ಲ. "ಇಪ್ಪತ್ತು ವರ್ಷದಿಂದ ಜಿಪ್ಪು ಹಾಕ್ತಿದೀನಿ ಕತ್ತರೀ, ಇದಕ್ಕೆ ಎರಡು ಕೈ ಬೇಕು ಅಂತ ಇವತ್ತು ಗೊತ್ತಾಯ್ತು ನೋಡು. ಬುಡ ಹಿಡಿಯೋಕೆ ಒಂದು, ಎಳೆಯೋಕೆ ಒಂದು" ಅಂದು ನಕ್ಕರು. ಆಮೇಲೆ ಬಲಗೈಯಲ್ಲಿ ಎಡಗಡೆಯ ಜೇಬಿಗೆ ಕೈ ಹಾಕಲು ಹೋಗಿ ಮೈಯನ್ನೆಲ್ಲ ತಿರುಚಿದರು.

ನನ್ನ ಕೈಯಲ್ಲಿ ಕತ್ತರಿ ಹಾಗೇ ನಿಂತಿತು.

ಮನೆಗೆ ಹೋಗಿ ನಿಮ್ಮ ಪತ್ರಗಳನ್ನೆಲ್ಲ ಸಾಲಾಗಿ ಹರಡಿದೆ. ಜೇಬು ಬಲಗಡೆ. ಜಿಪ್ಪು ಬೇಡ. ಕೋಲಿನ ಬುಡಕ್ಕೆ ಬಟ್ಟಲು. ಅಳತೆಗೆ ಎತ್ತಿದ್ದು ಒಂದೇ ಕೈ. ಗುಡ್ಡ ಹತ್ತುವ ಸಾಲುಗಳು. ಅದು ಕನ್ನಡಕದ ದೋಷವಲ್ಲ, ಹಾಳೆಯನ್ನು ಹಿಡಿದುಕೊಳ್ಳುವ ಕೈ ಅಲ್ಲಿರಲಿಲ್ಲ.

ಮಾವ, ನಿಮ್ಮ ಎಡಗೈಗೆ ಏನಾಗಿದೆ?

ಕತ್ತರಿ

*

ಸೆಪ್ಟೆಂಬರ್ 9, ಮಂಗಳವಾರ

ಕತ್ತರಿ,

ನಿನಗೆ ಸುಳ್ಳು ಹೇಳಿ ಹೇಳಿ ನನಗೂ ಸುಸ್ತಾಗಿತ್ತು.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಚಹಾದ ಲೋಟ ಹಿಡಿದಿದ್ದೆ. ಹಿಡಿದಿದ್ದೇನೆ ಎಂದುಕೊಂಡಿದ್ದೆ. ಲೋಟ ನೆಲದ ಮೇಲಿತ್ತು. ಕತ್ತಿನ ಹತ್ತಿರ ನರ ಒತ್ತಿಕೊಂಡಿದೆ ಎಂದರು ವೈದ್ಯರು. ಬೆರಳುಗಳ ಬಲ ಮರಳಬಹುದು, ಮರಳದೆಯೂ ಇರಬಹುದು. ಮಡಚುತ್ತವೆ, ಆದರೆ ಏನನ್ನೂ ಹಿಡಿಯುವುದಿಲ್ಲ. ಮೂವತ್ತೊಂದು ವರ್ಷ ಮೊಳೆ ಜೋಡಿಸುವ ಪಟ್ಟಿಯನ್ನು ಹಿಡಿದ ಕೈ ಇದು. ಅದರ ತುಂಬ ಸೀಸದ ಅಕ್ಷರ ತುಂಬಿದರೂ ಒಂದು ಸಾಲು ಕದಲುತ್ತಿರಲಿಲ್ಲ.

ನಿನ್ನ ಅತ್ತೆಗೆ ಹೆಗಲು ಹಿಡಿದಿದೆ ಎಂದಷ್ಟೇ ಹೇಳಿದ್ದೇನೆ. ಪಾಪ, ದಿನಾ ಬೆಳಿಗ್ಗೆ ಎಣ್ಣೆ ಬಿಸಿ ಮಾಡಿ ಹೆಗಲಿಗೆ ತಿಕ್ಕುತ್ತಾಳೆ. ಹೆಗಲಲ್ಲಿ ಏನೂ ಇಲ್ಲ. ನಾನು "ಆಹಾ, ಹಿತವಾಗ್ತಿದೆ" ಅನ್ನುತ್ತೇನೆ.

ಇಷ್ಟೇ ಆಗಿದ್ದರೆ ಅವಳಿಗೆ ಹೇಳುತ್ತಿದ್ದೆನೋ ಏನೋ. ಮಾರ್ಚ್‌ನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾಗ ಕಾಲು ಜಾರಿತು. ಹೆಗಲಚೀಲಕ್ಕೆ ನೀರು ತುಂಬಿ ಎಡಕ್ಕೆ ಎಳೆಯಿತು. ಪಟ್ಟಿ ಕತ್ತಿನಿಂದ ತೆಗೆಯಲು ಆಗಲಿಲ್ಲ. ತೂಬಿನ ಕಾವಲುಗಾರರು ಓಡಿಬಂದು ಕಾಲರ್ ಹಿಡಿದು ಎಳೆದು ಹಾಕಿದರು. ಅವರ ಕೋಣೆಯಲ್ಲೇ ಬಟ್ಟೆ ಒಣಗಿಸಿಕೊಂಡು, ಏನೂ ಆಗದವನ ಹಾಗೆ ಮನೆಗೆ ಬಂದೆ. ಯಾರಿಗೂ ಹೇಳುವುದಿಲ್ಲ ಎಂದು ಅವರಿಂದ ಮಾತು ತೆಗೆದುಕೊಂಡಿದ್ದೇನೆ. ಈಗ ನಿನ್ನಿಂದಲೂ ತೆಗೆದುಕೊಳ್ಳುತ್ತಿದ್ದೇನೆ. ಅತ್ತೆಗೆ ಗೊತ್ತಾದ ದಿನ ಕೋಲು ಅಟ್ಟಕ್ಕೆ ಹೋಗುತ್ತದೆ.

ನೀನು ಹೊಲಿದದ್ದು ನಿಜವಾಗಿಯೂ ಚಂದವಿತ್ತು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ಜಿಪ್ಪಿನ ಜೊತೆ ಒಂದು ಗಂಟೆ ಗುದ್ದಾಡಿದ್ದೇನೆ. ನಿನಗೆ ಹೇಗೆ ಹೇಳಲಿ?

ಮಾವ

*

ಸೆಪ್ಟೆಂಬರ್ 15, ಸೋಮವಾರ

ಮಾವ,

ಸಮನಾಗಿ ಹಂಚಿದರೆ ನ್ಯಾಯವಾಯಿತು ಎಂದುಕೊಂಡಿದ್ದೆ. ಹೊರುವವನನ್ನು ಕೇಳದೆ ಹಂಚಿದ್ದೆ. ನೀವು ಎರಡೆರಡು ಸಲ ಹೇಳಿದ್ದಿರಿ, ನಾನು ಓದಿದ ಹಾಳೆಯನ್ನು ನಂಬಿದೆ, ನಿಮ್ಮ ಮಾತನ್ನು ನಂಬಲಿಲ್ಲ. ಇದಕ್ಕೆ ಕ್ಷಮೆ ಕೇಳುವುದಿಲ್ಲ, ಇನ್ನೊಂದು ಹೊಲಿಯುತ್ತೇನೆ.

ನಿನ್ನೆ ರಜೆ. ಎಡಗೈಯನ್ನು ಸೊಂಟಕ್ಕೆ ಕಟ್ಟಿಕೊಂಡು ದಿನವಿಡೀ ಹೊಸ ಮಾದರಿ ಹಾಕಿ ತೆಗೆದು ನೋಡಿದೆ. ಜೇಬು ನಾಲ್ಕು, ಎಲ್ಲ ಬಲಗಡೆ. ಮುಚ್ಚಳ ತಾನೇ ಬಿದ್ದು ಅಂಟಿಕೊಳ್ಳುತ್ತದೆ, ಒಂದೇ ಬೆರಳಿಗೆ ಏಳುತ್ತದೆ. ಬಟ್ಟಲು ಮೂರು ಪದರದ ಕ್ಯಾನ್ವಾಸು, ಒಳಗೆ ತೊಗಲಿನ ತುಂಡು. ಎದುರಿಗೆ ಜಿಪ್ಪಿಲ್ಲ, ಅಗಲವಾದ ಅಂಟುಪಟ್ಟಿ. ಕೆಳಗೆ ಒಂದು ಕೆಂಪು ಬಾಲವಿದೆ, ಎಳೆದರೆ ಇಡೀ ಜಾಕೆಟ್ಟು ಒಂದೇ ಸಲಕ್ಕೆ ಬಿಚ್ಚಿಕೊಳ್ಳುತ್ತದೆ. ಬೆನ್ನಿಗೂ ಎಡಗಡೆಗೂ ನೀರಿನಲ್ಲಿ ತೇಲುವ ಫೋಮಿನ ಹಾಳೆ ತುಂಬಿದ್ದೇನೆ. ನೀವು ಬಿದ್ದರೂ ಎಡಗಡೆ ಮೇಲಕ್ಕೇ ಬರುತ್ತದೆ. ಹಾಕಿಕೊಳ್ಳುವಾಗ ಮೊದಲು ಎಡಗೈ. ನಾನು ಬಲಗೈ ಮೊದಲು ಹಾಕಿ ಅರ್ಧ ಗಂಟೆ ಸಿಕ್ಕಿಹಾಕಿಕೊಂಡೆ, ಪಕ್ಕದ ಕೋಣೆಯವಳು ಬಂದು ಬಿಡಿಸಿದಳು.

ಈಗ ಷರತ್ತು. ನೀವು ಕೇಳಿದ ಮಾತನ್ನು ನಾನು ಕೊಡುವುದಿಲ್ಲ. ನೀವು ನೀರಿಗೆ ಬಿದ್ದದ್ದು ಅತ್ತೆಗೆ ಗೊತ್ತಿರಬೇಕು. ಇಲ್ಲದ ನೋವಿಗೆ ಒಬ್ಬರು ದಿನಾ ಎಣ್ಣೆ ಕಾಯಿಸುತ್ತಿರುವುದನ್ನು ಓದಿ ನನಗೆ ಊಟ ಸೇರಲಿಲ್ಲ. ಅವರ ದುಡಿಮೆಯೂ ದುಡಿಮೆಯೇ ಮಾವ.

ಜಾಕೆಟ್ಟು ಈ ವಾರ ಮುಗಿಯುತ್ತದೆ. ಪೊಟ್ಟಣವನ್ನು ಅತ್ತೆಯ ಹೆಸರಿಗೆ ಕಳಿಸುತ್ತೇನೆ. ಅದು ಬರುವ ಮೊದಲು ನೀವೇ ಹೇಳಿ.

ಕತ್ತರಿ

*

ಸೆಪ್ಟೆಂಬರ್ 20, ಶನಿವಾರ

ಕತ್ತರಿ,

ಕಳಿಸಬೇಡ.

ನಿನ್ನ ನ್ಯಾಯಕ್ಕೆ ಬಲಿ ಕೊಡಲು ನನ್ನ ನದಿಯೇ ಬೇಕಿತ್ತೇ? ಅಲ್ಲಿ ನಾನು ಯಾರಿಗೂ ಗಂಡನಲ್ಲ, ರೋಗಿಯಲ್ಲ, ಮುದುಕನೂ ಅಲ್ಲ. ನಲವತ್ತು ವರ್ಷದಿಂದ ನನಗೆಂದು ಉಳಿದಿರುವ ಮೂರು ಗಂಟೆ ಅದು. ನಿಜ ಹೇಳುವುದು ನಿನಗೆ ಸುಲಭ. ಹೇಳಿದ ಮೇಲೆ ಆ ಮನೆಯಲ್ಲಿ ಇರಬೇಕಾದವನು ನಾನು.

ಮಾವ

*

ಸೆಪ್ಟೆಂಬರ್ 25, ಗುರುವಾರ

ಮಾವ,

ನಿಮ್ಮ ಪತ್ರ ಇವತ್ತು ಬಂತು. ಪೊಟ್ಟಣ ಮಂಗಳವಾರವೇ ಹೊರಟಿದೆ.

ನಿಮ್ಮ ಪತ್ರ ಮೊದಲೇ ಬಂದಿದ್ದರೂ ಕಳಿಸುತ್ತಿದ್ದೆ. ಆದರೆ ಇಷ್ಟು ನೆಮ್ಮದಿಯಾಗಿ ಅಲ್ಲ.

ಕತ್ತರಿ

*

ಅಕ್ಟೋಬರ್ 12, ಭಾನುವಾರ

ಕತ್ತರಿ,

ನಿನ್ನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೂ ನಡೆದದ್ದನ್ನು ಬರೆಯಬೇಕು.

ದಿನಾ "ಇವತ್ತು ಹೇಳ್ತೀನಿ" ಎಂದುಕೊಂಡು ಐದು ದಿನ ಕಳೆದೆ. ಆರನೆಯ ದಿನ ಪೊಟ್ಟಣವೇ ಬಂತು. ನಿನ್ನ ಅತ್ತೆ ಬಿಚ್ಚಿ, ಮೇಜಿನ ಮೇಲೆ ಹರಡಿ, ಒಂದೊಂದೇ ಮುಚ್ಚಳ ಎತ್ತಿ ನೋಡಿದಳು. ಕೆಂಪು ಬಾಲ ಎಳೆದು ನೋಡಿದಳು. ಎಡಗಡೆಯ ದಪ್ಪವನ್ನು ಒತ್ತಿ ನೋಡಿದಳು. "ಇದು ಒಂದು ಕೈ ಇರೋರಿಗೆ ಮಾಡಿರೋದಲ್ವಾ?" ಅಂದಳು. ಮೊದಲು ಕೈಯ ವಿಷಯ ಹೇಳಿದೆ, ಆಮೇಲೆ ನದಿಯದು. ಅವಳು ಎದ್ದು ಎಣ್ಣೆಯ ಬಾಟಲಿ ತಂದು ನನ್ನ ಮುಂದಿಟ್ಟು, "ಏಳು ತಿಂಗಳಿಂದ ನಾನು ಯಾರ ಹೆಗಲು ತಿಕ್ಕಿದೆ ಹಂಗಾದ್ರೆ?" ಎಂದು ಕೇಳಿದಳು.

ಮೂರು ದಿನ ತಟ್ಟೆ ಇಡುವ ಸದ್ದಿನಲ್ಲೇ ಎಲ್ಲ ಬೈಗುಳ. ಕೋಲು ಅಟ್ಟಕ್ಕೆ ಹೋಯಿತು ಎಂದುಕೊಂಡು ನಾನು ಆ ಮೂಲೆಯ ಕಡೆ ನೋಡುವುದನ್ನೇ ಬಿಟ್ಟೆ.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತಿದ್ದಳು. ಕಾಲಿಗೆ ಬೂಟು, ತಲೆಗೆ ನನ್ನ ಟೋಪಿ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಜಾಕೆಟ್ಟು. "ಮೊದಲು ಎಡಗೈ" ಅಂದಳು. ಪೊಟ್ಟಣದೊಳಗಿನ ಚೀಟಿಯಲ್ಲಿ ಅವಳಿಗೂ ಬರೆದಿದ್ದೆಯಂತೆ. ಹಾಕಿಕೊಂಡೆ, ಯಾರ ಸಹಾಯವೂ ಬೇಕಾಗಲಿಲ್ಲ. ಅವಳು ಕೈಕಟ್ಟಿ ನೋಡುತ್ತಿದ್ದಳು.

ದಾರಿಯುದ್ದಕ್ಕೂ ಒಂದು ಹೆಜ್ಜೆ ಮುಂದೆ. ತೂಬಿನ ಕಾವಲುಗಾರರು ಅವಳನ್ನು ಕಂಡು ಮೆಲ್ಲಗೆ ಕೋಣೆಯ ಹಿಂದಕ್ಕೆ ಸರಿದರು. "ಎಲ್ಲೂ ಹೋಗ್ಬೇಡಿ, ನಿಮ್ಮ ಹತ್ರಾನೂ ಮಾತಾಡೋದಿದೆ" ಅಂದಳು. ನನ್ನನ್ನು ಹಿಮ್ಮಡಿ ನೆನೆಯುವುದಕ್ಕಿಂತ ಮುಂದೆ ಹೋಗಲು ಬಿಡಲಿಲ್ಲ. ತಾನು ಮೆಟ್ಟಿಲ ಮೇಲೆ ಕೂತು ಸೊಳ್ಳೆಯನ್ನು ಬೈದಳು, ಬಿಸಿಲನ್ನು ಬೈದಳು, ನೀರಿನ ವಾಸನೆಯನ್ನೂ ಬಿಡಲಿಲ್ಲ. ನದಿಯ ದಡದಲ್ಲಿ ಅಷ್ಟು ಮಾತನ್ನು ನಾನು ನಲವತ್ತು ವರ್ಷದಲ್ಲಿ ಕೇಳಿಲ್ಲ.

ಎರಡು ಗಂಟೆ ಏನೂ ಇಲ್ಲ. ಆಮೇಲೆ, "ಅಲ್ಯಾಕ್ರೀ ಎಸೀತಿದೀರ? ಆ ಬಿದ್ದ ಮರದ ಪಕ್ಕ ನೋಡಿ, ನೀರು ಅಲ್ಲಾಡ್ತಿದೆ" ಅಂದಳು. ಅದು ಸುಳಿ, ಅಲ್ಲಿ ಮೀನು ನಿಲ್ಲುವುದಿಲ್ಲ ಎಂದು ವಿವರಿಸಿದೆ. "ಎಸೀರಿ" ಅಂದಳು. ಬಾಯಿ ಮುಚ್ಚಿಸಲು ಎಸೆದೆ.

ಬೆಂಡು ಮುಳುಗಿತು. ಕೋಲಿನ ಬುಡವನ್ನು ಬಟ್ಟಲಿಗೆ ಊರಿದೆ, ಎಡ ಮುಂಗೈಯನ್ನು ಕೋಲಿನ ಮೇಲೆ ಹಾಕಿ ಒತ್ತಿದೆ, ಬಲಗೈಯಲ್ಲಿ ರಾಟೆ ತಿರುಗಿಸಿ ದಾರ ಸುತ್ತಿದೆ. ಬಟ್ಟಲು ಅಲುಗಲಿಲ್ಲ. ಮೊಳದುದ್ದದ ಮೀನು. ಬಲೆ ಹಿಡಿದು ನೀರಿಗೆ ಇಳಿದವಳು ಅವಳು, ಮೊಣಕಾಲಿನವರೆಗೆ. ನಾನು ದಡದಿಂದ "ಹುಷಾರು, ಹುಷಾರು" ಎಂದು ಕೂಗುತ್ತಿದ್ದೆ.

ಮನೆಗೆ ಬರುವ ದಾರಿಯಲ್ಲಿ ಹಾಲಿನವನಿಗೆ, ಅಂಗಡಿಯವನಿಗೆ, ಸೇತುವೆಯ ಮೇಲೆ ಸಿಕ್ಕವರಿಗೆಲ್ಲ, "ಜಾಗ ತೋರಿಸಿದ್ದು ನಾನು" ಎಂದು ಹೇಳಿದಳು. ಈಗ ಅಲಾರಂ ಇಟ್ಟು ಮಲಗಿದ್ದಾಳೆ. ನಾಳೆ ಐದಕ್ಕೇ ಹೊರಡಬೇಕಂತೆ.

ನಾನು ಏಳಕ್ಕೆ ಹೋಗುತ್ತಿದ್ದವನು.

ಮಾವ